ಶುಕ್ರವಾರದ ಉಡಿ

ಪುಷ್ಯದ ಚಳಿ ಇನ್ನೂ ಬಿಟ್ಟಿರಲಿಲ್ಲ. ರನ್ನ ಬೆಳಗಲಿಯ ಹೊರಗೆ ಅಂದಾನೆಪ್ಪನ ಗಾಣದಲ್ಲಿ ಅಂದಿನ ಮೂರನೆಯ ಕೊಪ್ಪರಿಗೆ ಕುದಿಯುತ್ತಿತ್ತು. ಕಬ್ಬಿನ ಹಾಲು ಹಸಿರು ಕಳೆದುಕೊಂಡು ಕೆಂಪಿಗೆ ತಿರುಗಿ, ದಪ್ಪ ಗುಳ್ಳೆಗಳು ಎದ್ದು ಒಡೆಯುತ್ತಿದ್ದವು. ಹದ ನೋಡುವ ಕೆಲಸವನ್ನು ಅಂದಾನೆಪ್ಪ ಇನ್ನೊಬ್ಬರಿಗೆ ಬಿಟ್ಟವನಲ್ಲ. ಮುಧೋಳದ ಬ್ಯಾಂಕಿನಿಂದ ಎರಡು ಗಂಟೆಗೆ ಬಂದವನೇ ಟವೆಲಿನಲ್ಲಿ ಕಟ್ಟಿದ್ದ ರೊಕ್ಕವನ್ನು ಹೆಂಡತಿ ಹಾಲವ್ವನ ಕೈಗೆ ಕೊಟ್ಟು, "ದೇವರ ಜಗಲಿ ಮ್ಯಾಗ ಇಡು, ನಾಳೆ ಕಬ್ಬ ಕಡಿಯವರಿಗೆ ಕೊಡೂದು" ಎಂದು ಹೇಳಿ ಗಾಣಕ್ಕೆ ಓಡಿದ್ದ. ಪಾಕ ಇಳಿಸಿ, ಅಚ್ಚಿಗೆ ಹೊಯ್ಯಿಸಿ, ಕೈಕಾಲು ತೊಳೆದು ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು.

ಹಾಲವ್ವ ಪಡಸಾಲೆಯಲ್ಲಿ ನೋಟುಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಳು.

"ಎಷ್ಟ ಕೇಳಿದ್ರಿ ಬ್ಯಾಂಕಿನ್ಯಾಗ?"

"ಎಂಬತ್ತು ಸಾವಿರ. ಯಾಕ?"

"ಇಲ್ಲಿ ಒಂದ ಲಕ್ಷ ಐತಿ."

"ಜ್ವಾಳಾ ಅಳದಂಗ ಎಣಿಸಿರಬೇಕ ನೀ. ಎಲ್ಲೋ ತಪ್ಪೈತಿ."

"ಮೂರ ಸಲ ಎಣಿಸೇನಿ. ಬೇಕಾದ್ರ ನೀವ ನೋಡ್ರಿ. ಅಲ್ಲೇ ಎಣಿಸಿ ತರಾಕ ಏನಾಗಿತ್ತು?"

"ಕೊಟ್ಟವರ ಎದುರಿಗೇ ಎಣಿಸಿದ್ರ, ನಿನ್ನ ಮ್ಯಾಲ ನಂಬಿಕಿ ಇಲ್ಲ ಅಂದಂಗ ಆಗೂದಿಲ್ಲೇನು?"

"ಅದು ಬ್ಯಾಂಕ ರೀ, ಬೀಗರ ಮನಿ ಅಲ್ಲ."

ಅಂದಾನೆಪ್ಪ ಕುಳಿತು ಎಣಿಸಿದ. ಐದುನೂರರ ನೋಟು ಇನ್ನೂರು. ಒಂದು ಲಕ್ಷವೇ. ಆಗ ಅವನಿಗೆ ನೆನಪಾಯಿತು. ಕೌಂಟರಿನ ಹುಡುಗಿ ಒಂದು ಪೂರ್ತಿ ಕಟ್ಟು ಕೊಟ್ಟು, ಇನ್ನೊಂದರಿಂದ ನಲವತ್ತು ನೋಟು ತೆಗೆದಿಡಲು ಪಟ್ಟಿ ಬಿಚ್ಚುತ್ತಿದ್ದಳು. ಅಷ್ಟರಲ್ಲಿ ಯಾರೋ ಪಾಸ್‌ಬುಕ್ ಒಳಗೆ ತುರುಕಿ ಜಗಳಕ್ಕೆ ನಿಂತರು. ಅವಳು ಅವರಿಗೆ ಉತ್ತರ ಹೇಳುತ್ತಲೇ ಎರಡನೆಯ ಕಟ್ಟನ್ನೂ ಹಾಗೆಯೇ ಈಚೆಗೆ ತಳ್ಳಿದ್ದಳು. ಇವನ ಮನಸ್ಸು ಕೊಪ್ಪರಿಗೆಯಲ್ಲಿತ್ತು.

"ಆ ಹುಡಿಗಿ ಹೊಸಾಕಿ. ಇಪ್ಪತ್ತ ಸಾವಿರ ಆಕೀ ಪಗಾರದಾಗ ಮುರಕೊಂತಾರ. ಗಾಡಿ ಕೀಲಿ ಕೊಡು, ಕೊಟ್ಟ ಬರ್ತೀನಿ."

ಹಾಲವ್ವ ಏಳಲಿಲ್ಲ. "ಇವತ್ತ ಶುಕ್ರವಾರ."

ಅಂದಾನೆಪ್ಪ ಹಣೆ ಒತ್ತಿಕೊಂಡ. ಶುಕ್ರವಾರ ಆ ಮನೆಯ ಹೊಸ್ತಿಲು ದಾಟಿ ರೊಕ್ಕ ಹೊರಗೆ ಹೋದದ್ದಿಲ್ಲ. ಅತ್ತೆ ಕೀಲಿಕೈ ಕೊಟ್ಟ ದಿನ ಹೇಳಿದ ಮಾತನ್ನು ಹಾಲವ್ವ ನಲವತ್ತು ವರ್ಷ ನಡೆಸಿಕೊಂಡು ಬಂದಿದ್ದಳು. ಕಬ್ಬು ಕಡಿಯುವವರು ಕೂಡ ಶುಕ್ರವಾರ ಕೇಳುವುದನ್ನು ಎಂದೋ ಬಿಟ್ಟಿದ್ದರು.

"ನಾಳೆ ನಾಕನೇ ಶನಿವಾರ, ಬ್ಯಾಂಕ ಬಂದ್. ನಾಡದ ಐತವಾರ."

"ಸೋಮವಾರ ಕೊಡೂಣು. ಎಲ್ಲಿ ಓಡಿ ಹೊಕ್ಕೈತಿ?"

"ಮೂರ ದಿನಾ ಮನ್ಯಾಗ ಇದ್ರ ಅದು ನಮ್ಮದ ಅನ್ನಿಸಾಕ ಹತ್ತತೈತಿ, ಹಾಲವ್ವ. ನಿನ್ನ ಶುಕ್ರವಾರ ಒಂದ ನೆವಾ ಆಗಬಾರದು."

ಹಾಲವ್ವ ನೋಟು ಜೋಡಿಸುತ್ತಿದ್ದ ಕೈ ನಿಲ್ಲಿಸಿದಳು. ಮೂರನೆಯ ಸಲ ಎಣಿಸಿ ಮುಗಿಸಿದಾಗ ಅವಳು ತನ್ನ ಬರಿಯ ಮುಂಗೈ ನೋಡಿಕೊಂಡಿದ್ದು ನಿಜ. ಗಾಣಕ್ಕೆ ಹೊಸ ಯಂತ್ರ ತರುವಾಗ ಅವಳ ಪಾಟ್ಲಿ ಮಾರಿ ಎರಡು ಸುಗ್ಗಿ ಕಳೆದಿದ್ದವು. ಇಂದಿನ ಬಂಗಾರದ ರೇಟಿಗೆ ಇಪ್ಪತ್ತು ಸಾವಿರ ಎಲ್ಲಿಗೂ ಸಾಲದೆಂದು ಅವಳಿಗೆ ಗೊತ್ತಿತ್ತು. ಆದರೂ ನೋಡಿಕೊಂಡಿದ್ದಳು.

"ನಾ ಇಟ್ಕೊಳಾಕ ನೆವಾ ಹುಡಕಾಕತ್ತೇನಿ ಅಂತೀರಿ?"

"ನಾ ಹಂಗ ಅನ್ನಲಿಲ್ಲ."

"ಅಂದ್ರಿ."

"ಅಂದೆ ತಗೋ. ನೆವಾ ನಿಂದಷ್ಟ ಅಲ್ಲ, ನನಗೂ ಒಂದ ಸಿಕ್ಕಿತ್ತು. ಹೋದ ವರ್ಷ ಅದೇನೋ ಚಾರ್ಜ್ ಅಂತ ನಮ್ಮ ಖಾತೇದಾಗಿಂದ ಮುರಕೊಂಡಿದ್ರಲ್ಲ, ನೀ ಲಕ್ಷ ಅಂದಕೂಡ್ಲೆ ನನಗ ಅದ ನೆನಪಾತು. ಅದಕ್ಕ ಲಗೂನ ಕೊಟ್ಟ ಬರ್ತೀನಿ ಅನ್ನಾಕತ್ತೇನಿ."

ಹಾಲವ್ವ ನೋಟುಗಳನ್ನು ಜಗಲಿಯ ಮೇಲಿಟ್ಟು ದೀಪ ಹಚ್ಚಿದಳು. ಕೀಲಿ ಮಾತ್ರ ಅವಳ ಸೊಂಟದಲ್ಲೇ ಇತ್ತು.

ಬಾಗಿಲ ಮುಂದೆ ಸ್ಕೂಟಿ ನಿಂತ ಸಪ್ಪಳವಾಯಿತು. ಚೂಡಿದಾರ ತೊಟ್ಟ ಹುಡುಗಿ ಇಳಿದಳು. ಕೂದಲೆಲ್ಲ ಗಾಳಿಗೆ ಕೆದರಿತ್ತು. ಅಂದಾನೆಪ್ಪ ನೋಡಿದ ಕೂಡಲೇ ಗುರುತಿಸಿದ.

"ಅಜ್ಜಾರ, ನಾ ನೇತ್ರಾ ರೀ, ಬ್ಯಾಂಕಿನಾಕಿ. ಇವತ್ತ ಹಿಸೇಬಿನ್ಯಾಗ ಇಪ್ಪತ್ತ ಸಾವಿರ ಕಡಿಮಿ ಬಿದ್ದೈತ್ರಿ. ದೊಡ್ಡ ರೊಕ್ಕ ತಗೊಂಡವರ ಮನೀಗೆಲ್ಲಾ ಹೊಂಟೇನಿ. ಒಂದ ಮನ್ಯಾಗ ನಮ್ಮನ್ನ ಕಳ್ಳರು ಮಾಡ್ತೀಯೇನ ಅಂತ ಬೈದ ಕಳಿಸಿದ್ರು. ನೀವ ಬೈಬ್ಯಾಡ್ರಿ, ಒಂದ ಸಲ ಎಣಿಸಿ ನೋಡ್ರಿ ಸಾಕು. ಮ್ಯಾನೇಜರ್ ಸಾಹೇಬ್ರು ಏಳರತನಕ ಕಾಯತಾರ. ಇಲ್ಲಾಂದ್ರ ನಾನ ತುಂಬಬೇಕ್ರಿ. ಬನಹಟ್ಟಿಗೆ ಅಪ್ಪಗ ಫೋನ್ ಹಚ್ಚಬೇಕಂದೆ, ಕೈ ಬರಲಿಲ್ಲ. ನೇಕಾರ ಮನಿ ರೀ ನಮ್ಮದು."

ಅಂದಾನೆಪ್ಪ ಹೆಂಡತಿಯ ಕಡೆ ನೋಡಿದ. ಹಾಲವ್ವ ಹುಡುಗಿಯ ಕಾಲು ನೋಡುತ್ತಿದ್ದಳು. ಚಪ್ಪಲಿ ಬಿಟ್ಟು ನಿಂತ ಧೂಳುಗಾಲಲ್ಲಿ ಹೊಸ ಕಾಲುಂಗುರ ಹೊಳೆಯುತ್ತಿದ್ದವು.

"ಲಗ್ನ ಆಗಿ ಎಷ್ಟ ದಿನಾ ಆತ ಬೇ?"

"ಆರ ತಿಂಗಳಾತ್ರಿ ಅವ್ವಾರ."

"ಒಳಗ ಬಾ. ಮಣಿ ಮ್ಯಾಲ ಕುಂದ್ರು."

"ಹೊತ್ತ ಆಗಾಕತ್ತೈತ್ರಿ…"

"ಕುಂದ್ರಂದ್ನಿ."

ಹಾಲವ್ವ ಟ್ರಂಕು ತೆಗೆದ ಸದ್ದು ಕೇಳಿಸಿತು. ಅಂದಾನೆಪ್ಪನಿಗೆ ಅನುಮಾನ ಬಂತು. ಈ ಹೊತ್ತಿನಲ್ಲಿ ಹುಡುಗಿಗೆ ಚಹಾ ಕುಡಿಸಿ, ಸೋಮವಾರ ಬಾ ಎಂದು ಹೇಳಿಬಿಡುತ್ತಾಳೇನೋ. ಹಾಗೇನಾದರೂ ಆದರೆ ತಾನೇ ಜಗಲಿಗೆ ಕೈ ಹಾಕುವುದೆಂದು ನಿರ್ಧರಿಸಿದ. ನಲವತ್ತು ವರ್ಷದಲ್ಲಿ ಅವಳ ಮಾತು ಮೀರಿ ಅವನು ಜಗಲಿ ಮುಟ್ಟಿರಲಿಲ್ಲ.

ಹಾಲವ್ವ ಮೊರ ಹಿಡಿದು ಬಂದಳು. ಅದರಲ್ಲಿ ಅಕ್ಕಿ, ಒಣಕೊಬ್ಬರಿ ಬಟ್ಟಲು, ಅರಿಸಿನದ ಕೊಂಬು, ವೀಳ್ಯದೆಲೆ, ಅಂದಿನ ಬೆಲ್ಲದ ತುಂಡು, ಮಡಚಿದ ಒಂದು ಕುಬಸದ ಕಣ. ನೇತ್ರಾಳ ಹಣೆಗೆ ಕುಂಕುಮ ಹಚ್ಚಿ, "ವೇಲ್ ಹಾಸು" ಎಂದಳು.

"ಇದೆಲ್ಲಾ ಈಗ್ಯಾಕ್ರಿ ಅವ್ವಾರ?" ಹುಡುಗಿ ಬಾಗಿಲ ಕಡೆ ನೋಡುತ್ತಲೇ ವೇಲ್ ಹಾಸಿದಳು.

"ಶುಕ್ರವಾರ ನಮ್ಮ ಮನ್ಯಾಗಿಂದ ರೊಕ್ಕ ಹೊರಗ ಹೋಗೂದಿಲ್ಲ. ಮುತ್ತೈದಿ ಬಂದ್ರ ಉಡಿ ಹೊಕ್ಕೈತಿ. ಉಡಿಯೊಳಗ ಏನೇನೈತಿ ಅಂತ ಲಕ್ಷ್ಮಿ ಬಿಚ್ಚಿ ನೋಡಾಕ ಬರೂದಿಲ್ಲ."

ಐದು ಸಲ ಬೊಗಸೆ ತುಂಬ ಅಕ್ಕಿ ಹಾಕಿದಳು. ಕೊಬ್ಬರಿ, ಎಲೆ, ಬೆಲ್ಲ ಹಾಕಿದಳು. ಕೊನೆಗೆ ಕಣ ಇಟ್ಟಳು. ಕಣದ ಮಡಿಕೆಯಿಂದ ನೋಟಿನ ಅಂಚು ಇಣುಕಿತು. ನೇತ್ರಾ ಎರಡೂ ಕೈಯಲ್ಲಿ ವೇಲ್ ಹಿಡಿದಿದ್ದರಿಂದ ಕಣ್ಣು ಒರೆಸಿಕೊಳ್ಳಲಾಗಲಿಲ್ಲ.

"ಅಳಬ್ಯಾಡ ಬೇ, ಉಡಿ ತೊಯ್ತೈತಿ. ಎಣಸ್ಕೊ."

"ಬ್ಯಾಡ್ರಿ, ನಿಮ್ಮ ಎದುರಿಗೆ ಹೆಂಗ…"

"ಎಣಸ ಅಂದ್ನಿ! ಎಣಿಸಲಾರದ್ದಕ್ಕ ಇಷ್ಟೆಲ್ಲಾ ಆಗಿದ್ದು. ಇಲ್ಲೊಬ್ರು ದೊಡ್ಡಮನುಷಾರ ಕುಂತಾರ ನೋಡು, ಬ್ಯಾಂಕಿನ್ಯಾಗ ಬೀಗತನ ಮಾಡಿ ಬಂದವರು."

ಅಂದಾನೆಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು ನಕ್ಕ. ಹುಡುಗಿಯ ಬೆರಳುಗಳು ಸರಸರ ಓಡಿದವು. ನಲವತ್ತು.

ಏಳುವಾಗ ನೇತ್ರಾ ಉಡಿಯಿಂದ ಒಂದು ಚಿಟಿಕೆ ಅಕ್ಕಿ ತೆಗೆದು ಮೊರಕ್ಕೆ ಹಾಕಿದಳು. ಉಡಿ ತುಂಬಿಸಿಕೊಂಡವಳು ಆ ಮನೆಗೆಂದು ನಾಲ್ಕು ಕಾಳು ಬಿಟ್ಟೇ ಹೋಗಬೇಕು. ಅವಸರದಲ್ಲೂ ಅವಳು ಮರೆಯಲಿಲ್ಲ. ಹಾಲವ್ವ ಅದನ್ನೇ ಕಾಯುತ್ತಿದ್ದಳು.

"ಕಣ ನಿಮ್ಮೂರ ಕಡೇದ ಐತಿ. ಹೊಲಿಸ್ಕೊ. ಗಾಡಿ ಸಾವಕಾಶ ಹೊಡಿ ಯವ್ವಾ, ಕಬ್ಬಿನ ಟ್ರ್ಯಾಕ್ಟರ್ ಭಾಳ ಅದಾವ."

ಸ್ಕೂಟಿಯ ಕೆಂಪು ದೀಪ ಮುಧೋಳದ ರಸ್ತೆಗೆ ತಿರುಗುವವರೆಗೆ ಇಬ್ಬರೂ ಕಟ್ಟೆಯ ಮೇಲೆ ನಿಂತಿದ್ದರು. ಗಾಣದ ಕಡೆಯಿಂದ ಬೆಲ್ಲದ ವಾಸನೆ ಬರುತ್ತಿತ್ತು.

"ನಿಮ್ಮವ್ವ ಇದ್ದಿದ್ರ ಏನಂತಿದ್ರೋ," ಎಂದಳು ಹಾಲವ್ವ.

"ಇದು ನನಗ್ಯಾಕ ಹೊಳೀಲಿಲ್ಲ ಅಂತಿದ್ಲು."

ಹಾಲವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ಮೊರ ಎತ್ತಿಕೊಳ್ಳುತ್ತ ಕೇಳಿದಳು:

"ಬ್ಯಾಂಕಿಂದು ಮುಟ್ಟಿಸಿದಂಗ ಆತು. ನನ್ನ ಪಾಟ್ಲಿ?"

"ಈ ಸುಗ್ಗಿ ಮುಗೀಲಿ."

"ಹೋದ ಸುಗ್ಗಿಗೂ ಹಿಂಗ ಅಂದಿದ್ರಿ," ಎನ್ನುತ್ತ ಅವಳು ಆ ಚಿಟಿಕೆ ಅಕ್ಕಿಯನ್ನು ಜಗಲಿಯ ಮೇಲಿಡಲು ಒಳಗೆ ಹೋದಳು.