ಹೊತ್ತಿನೊಳಗೆ ಒಂದು ಚಮಚ ಮೊಸರು

ನೊಣ ಬಟ್ಟಲಿನ ಅಂಚಿಗೆ ಬಂತು, ಓಡಿಸಿದೆ, ಅಮ್ಮನ ತುಟಿಯ ಮೇಲೆ ಹೋಗಿ ಕೂತಿತು, ಅಮ್ಮ ಅದನ್ನು ಓಡಿಸುವುದೂ ಇಲ್ಲ, ಬಾಯಿ ಬೀಗ ಹಾಕಿದ ಹಾಗೆ ಮುಚ್ಚಿಯೇ ಇದೆ, ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿದೆ, ಗೋಡೆ ಹತ್ತಿದ ಬಿಸಿಲಿಗೆ ಆಯುಸ್ಸು ಕಡಿಮೆ — ತೆಗಿ ಅಮ್ಮ ಬಾಯಿ, ಒಂದೇ ಚಮಚ, ಬೆಳಿಗ್ಗೆ ಕರೆದ ಹಾಲು, ಒಣಮೆಣಸಿನ ತೊಟ್ಟು ಹಾಕಿ ಮೊಸರು ಮಾಡಿದ್ದೇನೆ, ಹಳೆ ಮೊಸರು ಸೋಕಿಸಿಲ್ಲ, ರಾತ್ರಿ ದಾಟಿದ್ದಲ್ಲ, ನಿನ್ನ ವ್ರತಕ್ಕೆ ಏನೂ ಕೊರತೆ ಇಲ್ಲ. ಕೇಳುವುದಿಲ್ಲ. ಈ ಹೆಂಗಸಿನ ಹಟ ನನಗೆ ಗೊತ್ತಿಲ್ಲವೇ, ಅರ್ಧ ನನಗೂ ಬಂದಿದೆ, ಅಪ್ಪ ಇದ್ದಾಗ ಹೇಳುತ್ತಿದ್ದರು, ಶಶಿಪ್ರಭಾ, ನಿಮ್ಮಿಬ್ಬರ ನಡುವೆ ಬದುಕುವುದಕ್ಕಿಂತ ಗೊಮ್ಮಟನ ಹಾಗೆ ಬೆಟ್ಟದ ಮೇಲೆ ನಿಂತುಬಿಡುವುದು ಸುಖ ಅಂತ. ಜ್ವರ ಹೋಯಿತಲ್ಲ, ಅದೇ ನನಗೆ ಅರ್ಥವಾಗುವುದಿಲ್ಲ, ಜ್ವರ ಹೋದ ಮೇಲೆ ಮನುಷ್ಯ ಹೋಗುವುದು ಎಲ್ಲಿಯಾದರೂ ಉಂಟೇ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಇನ್ನೂ ವರ್ಷವಾಗಿಲ್ಲ, ಎಲ್ಲವೂ ಹೊಸತು, ಮದ್ದೂ ಹೊಸತು, ಅಣ್ಣ ಧರ್ಣಪ್ಪ ಬಸ್ಸು ಹಿಡಿದು ಮಂಗಳೂರಿನಿಂದ ತಂದ ಕ್ಯಾಪ್ಸೂಲು, ಕಹಿಯಾದರೆ ಜೇನಿನಲ್ಲಿ ಕೊಡಿ ಅಂದನಂತೆ ಅಂಗಡಿಯವನು, ಜೇನು ನಮ್ಮ ಮನೆಯ ಹೊಸ್ತಿಲು ದಾಟಿದ್ದೇ ಇಲ್ಲ, ಬಿಚ್ಚಿ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕೊಟ್ಟೆ, ಮುಖ ಕಿವುಚಿಕೊಂಡು ನುಂಗಿದಳು, ಆಗ ಬಾಯಿ ತೆರೆಯುತ್ತಿತ್ತು. ಜ್ವರ ಇಳಿಯಿತು, ಹೊಟ್ಟೆ ಕೆಟ್ಟಿತು, ಗಂಜಿತಿಳಿ ನಿಲ್ಲಲಿಲ್ಲ, ಬಾರ್ಲಿ ನೀರು ನಿಲ್ಲಲಿಲ್ಲ, ಸೀರೆ ಒಗೆದು ಒಗೆದು ನನ್ನ ಬೆರಳು ಬಿಳಿಚಿಕೊಂಡಿದೆ, ಅಮ್ಮ ಚಾಪೆಯಷ್ಟು ತೆಳ್ಳಗಾಗಿದ್ದಾಳೆ.

ಸುಬ್ಬಯ್ಯ ಡಾಕ್ಟರು ಒಳ್ಳೆಯವರೇ, ಕೈಗುಣವೂ ಉಂಟು, ಮೆಲ್ಲ ಮಾತಾಡಲು ಮಾತ್ರ ಬರುವುದಿಲ್ಲ, ನಿನ್ನೆ ಅಮ್ಮನ ಹೊಟ್ಟೆ ಒತ್ತಿ ನೋಡಿ ಇಡೀ ಬೀದಿಗೆ ಕೇಳುವ ಹಾಗೆ, ಎಂತ ಇಲ್ಲ ಧರ್ಣಪ್ಪ, ಮದ್ದು ಜ್ವರದ ಕ್ರಿಮಿ ಕೊಂದಿತು, ಜೊತೆಗೆ ಕರುಳಿನ ಒಳ್ಳೆ ಕ್ರಿಮಿಗಳನ್ನೂ ಕೊಂದುಬಿಟ್ಟಿತು ಮಾರಾಯ, ಕೋಟಿಗಟ್ಟಲೆ ಸತ್ತಿರ್ತವೆ, ಮೊಸರು ಕೊಡುವ, ಅದರಲ್ಲಿ ಜೀವ ಇರುವ ಕ್ರಿಮಿ ಉಂಟು, ಒಳಗೆ ಹೋಗಿ ಬೆಳೀತವೆ. ಯಾರ ಮುಂದೆ ಏನು ಹೇಳಬೇಕು ಅಂತ ಬೇಡವೇ. ಸೊಳ್ಳೆಯನ್ನು ಹೊಡೆಯದೆ ಸೆರಗಿನಿಂದ ಓಡಿಸುವವಳು, ದೀಪಕ್ಕೆ ಹಾತೆ ಬೀಳುತ್ತದೆ ಅಂತ ಚಿಮಣಿ ಇಲ್ಲದೆ ದೀಪ ಹಚ್ಚಲು ಬಿಡದವಳು, ಬೇರು ಕಿತ್ತರೆ ಮಣ್ಣಿನ ಹುಳಕ್ಕೆ ನೋವು ಅಂತ ಗೆಣಸು ತಿನ್ನದವಳು, ಅವಳು ಕಣ್ಣು ಬಿಟ್ಟು ಕೇಳಿದಳು, ಕೋಟಿ ಅಂದ್ರಾ? ಹೌದಮ್ಮ ಕೋಟಿ, ಅಂದರು ಡಾಕ್ಟರು, ನಗುತ್ತಾ. ಅಣ್ಣ ತಲೆ ತಗ್ಗಿಸಿದ. ನನಗೆ ಆ ನಗುವನ್ನು ಹಿಡಿದು ಡಾಕ್ಟರ ಚೀಲದೊಳಗೆ ತುರುಕಿಬಿಡುವ ಅನ್ನಿಸಿತು. ಅವರು ಹೋದ ಮೇಲೆ ಅಮ್ಮ ಗೋಡೆಯ ಕಡೆ ತಿರುಗಿ, ನನ್ನ ಒಂದು ಜೀವ ಉಳಿಸ್ಲಿಕ್ಕೆ ಅಷ್ಟು ಜೀವ ಹೋಯ್ತು ಮಗಾ, ಇನ್ನು ಸಾಕು. ಸಾಕು ಅಂದರೆ ಏನು ಸಾಕು — ಆ ಶಬ್ದವನ್ನು ನಾನು ಮನಸ್ಸಿನಲ್ಲೂ ಆಡುವುದಿಲ್ಲ, ದೊಡ್ಡಮ್ಮನೂ ಹೀಗೇ ಶುರು ಮಾಡಿದ್ದು, ಮೊದಲು ಅನ್ನ ಬಿಟ್ಟಳು, ಆಮೇಲೆ ಹಾಲು, ಆಮೇಲೆ ನೀರು, ಜನ ಬಂದು ಕೈಮುಗಿದರು, ಪುಣ್ಯವಂತೆ ಅಂದರು, ಪುಣ್ಯ ಅವಳಿಗೆ, ಖಾಲಿ ಮಂಚ ನಮಗೆ. ನನಗೆ ಪುಣ್ಯ ಬೇಡ, ಅಮ್ಮ ಬೇಕು.

ಇವತ್ತು ಬೆಳಿಗ್ಗೆ ಡಾಕ್ಟರು ಮತ್ತೆ ಬಂದರು, ನಾಡಿ ಹಿಡಿದರು, ಈ ಸಲ ನಗಲಿಲ್ಲ, ಅಂಗಳಕ್ಕೆ ಕರೆದು ಮೊದಲ ಬಾರಿಗೆ ಸಣ್ಣ ಧ್ವನಿಯಲ್ಲಿ, ಶಶಿಪ್ರಭಾ, ಇವತ್ತು ಹೊತ್ತು ಮುಳುಗುವುದರೊಳಗೆ ಏನಾದರೂ ಒಳಗೆ ಹೋಗ್ಬೇಕು, ನಾಳೆವರೆಗೆ ಕಾಯುವ ನಾಡಿ ಅಲ್ಲ ಅದು. ಹೊತ್ತು ಮುಳುಗುವುದರೊಳಗೆ — ಅವರಿಗೂ ಗೊತ್ತು, ಹೊತ್ತು ಮುಳುಗಿದ ಮೇಲೆ ಅಮ್ಮ ಹನಿ ನೀರನ್ನೂ ಮುಟ್ಟುವವಳಲ್ಲ, ಹೆರಿಗೆ ನೋವಿನಲ್ಲೂ ಮುಟ್ಟಿದವಳಲ್ಲ, ನನ್ನನ್ನು ಹೆತ್ತ ರಾತ್ರಿ ಬಾಯಾರಿ ನಾಲಿಗೆ ಅಂಗುಳಿಗೆ ಅಂಟಿತ್ತಂತೆ, ಬೆಳಕು ಹರಿದ ಮೇಲೆಯೇ ನೀರು ಕುಡಿದದ್ದು, ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೊಸರು ಹೆಪ್ಪಾಯಿತು, ನಾನು ಬಾವಿಕಟ್ಟೆಗೆ ಹೋಗಿ ನೀರು ಸೋಸಿದೆ, ದಿನವೂ ಸೋಸುವ ಹಾಗೆ, ಸೋಸಿದ ಬಟ್ಟೆಯನ್ನು ಮಗುಚಿ, ಅದರಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದು ಅಂತ ಅದೇ ಬಾವಿಗೆ ಮೆಲ್ಲ ತೊಳೆದು ಬಿಟ್ಟೆ, ಅಮ್ಮನೇ ಕಲಿಸಿದ್ದು, ಯಾವ ಬಾವಿಯದ್ದು ಆ ಬಾವಿಗೇ ಮಗಾ, ಅವಕ್ಕೆ ಅದೇ ಮನೆ — ಆಗ ಹೊಳೆಯಿತು ನೋಡಿ, ಕೊಡ ಅಲ್ಲಿಯೇ ಬಿಟ್ಟು ಓಡಿದೆ. ಅಮ್ಮ, ಕೇಳು ಇಲ್ಲಿ, ನಿನ್ನ ಹೊಟ್ಟೆಯೂ ಒಂದು ಬಾವಿಯೇ ಅಲ್ವಾ, ಅದರ ಜೀವಗಳು ಹೋದವು, ಈ ಮೊಸರಿನಲ್ಲಿ ಇರುವವಕ್ಕೆ ಮನೆ ಬೇಕು, ನೀನು ಬಾಯಿ ಮುಚ್ಚಿದರೆ ಇವೂ ಬಟ್ಟಲಿನಲ್ಲೇ ಸಾಯ್ತವೆ, ನೀನೂ ಹೋಗ್ತಿ, ಬಾವಿಯನ್ನೇ ಹೂಳಿದ ಹಾಗೆ. ಅಮ್ಮನ ಹಣೆಯ ಗೆರೆ ಅಲ್ಲಾಡಿತು, ಯೋಚನೆ ಮಾಡುತ್ತಿದ್ದಾಳೆ, ಅವಳ ಯೋಚನೆ ಎತ್ತಿನ ಗಾಡಿ, ತಲುಪುವುದು ತಲುಪುತ್ತದೆ, ಯಾವಾಗ ಅಂತ ಕೇಳಬಾರದು, ಅಷ್ಟರಲ್ಲಿ ಮಧ್ಯಾಹ್ನ ಹೋಯಿತು, ಅಣ್ಣ ಬಸದಿಗೆ ಹೋದ, ನಾನು ಹೀಗೆ ಬಟ್ಟಲು ಹಿಡಿದು ಕೂತೆ, ಮುಚ್ಚಿದ ಬಾಯಿ, ಒಣಗಿದ ತುಟಿ, ಚಮಚದ ತುದಿ ತಾಗಿಸಿದರೆ ಇನ್ನೂ ಬಿಗಿಯುತ್ತದೆ.

ಬಿಸಿಲು ಈಗ ತೊಲೆಯ ಹತ್ತಿರ ಹೋಗಿದೆ, ಬೆರಳಗಲ, ಅದೂ ಕೆಂಪು, ನೋಡಬಾರದು, ನೋಡದಿದ್ದರೆ ನಿಲ್ಲುತ್ತದೆಯೋ ಏನೋ, ಹೆದರಿಕೆಯಾಗುತ್ತದೆ ನನಗೆ, ಬಸದಿಯ ಕಡೆಯಿಂದ ಜಾಗಟೆ, ಹಕ್ಕಿಗಳು ಕೂಗುತ್ತಾ ಮರಕ್ಕೆ, ಅಮ್ಮನ ಉಸಿರು ಒಂದು, ಆಮೇಲೆ ಬಹಳ ಹೊತ್ತಿಗೆ ಇನ್ನೊಂದು, ತಲೆ ಎತ್ತಿದರೆ ತೊಲೆ ಬೂದಿಬಣ್ಣ, ಗೋಡೆ ಬೂದಿಬಣ್ಣ, ಕಿಟಕಿಯಾಚೆ ಆಕಾಶದಲ್ಲಿ ಬೆಳಕಿದೆ, ಸೂರ್ಯ ಇಲ್ಲ, ಹೋಯಿತು, ಮುಗಿಯಿತು — ಶಶೀ. ಅಮ್ಮ. ಅಮ್ಮನೇ. ಮಗಾ, ನೀ ಹೇಳಿದ್ದು ಸರಿ, ಯಾವ ಬಾವಿಯದ್ದು ಆ ಬಾವಿಗೆ, ಕೊಡು, ಒಂದು ಚಮಚ ಕೊಡು, ನನಗೆ ಕಣ್ಣು ಮಂಜು ಮಂಜು, ಹೊತ್ತು ಉಂಟಲ್ಲ ಇನ್ನೂ? ಉಂಟು ಅಮ್ಮ, ಬೇಕಾದಷ್ಟು ಉಂಟು, ಗೋಡೆ ಮೇಲೆ ಬಿಸಿಲು ಉಂಟು — ಯಾರು ಹೇಳಿದ್ದು ಇದು, ನನ್ನ ಗಂಟಲು, ನನ್ನ ನಾಲಿಗೆ, ಇಷ್ಟು ಸಲೀಸಾಗಿ. ಅವಳು ಗೋಡೆಯ ಕಡೆ ನೋಡಲೂ ಇಲ್ಲ, ನನ್ನನ್ನು ನಂಬಿದಳು, ಎಂಬತ್ತರ ಹತ್ತಿರ ಬಂದವಳು ಒಂದು ದಿನವೂ ತಪ್ಪಿಸದ ವ್ರತವನ್ನು ನನ್ನ ಒಂದು ಮಾತಿನ ಮೇಲೆ ಇಟ್ಟುಬಿಟ್ಟಳು, ಕೊಟ್ಟರೆ ಅವಳ ವ್ರತ ಹೋಯಿತು, ಕೊಡದಿದ್ದರೆ ಅವಳೇ, ಚಮಚ ತುಂಬಿದೆ, ಕೈ ಎತ್ತಿದೆ, ಕೈ ಮುಂದೆ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ, ತುಟಿ ಬಿಟ್ಟಿತು, ಬಿಳಿಗಟ್ಟಿದ ನಾಲಿಗೆ, ಹಲ್ಲಿಲ್ಲದ ವಸಡು, ಗುಬ್ಬಿಮರಿಯ ಹಾಗೆ, ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಾಳೆ, ಅಮ್ಮನ ಬಾಯಿ, ತೆರೆದಿದೆ, ಅಮ್ಮನ ಬಾಯಿ