ಕೈಯಲ್ಲಿ ರೋಗಿ ಇರುವಾಗ

ಕುಲುಮೆಯಜ್ಜನ ಕೈ ಕಟ್ಟುವುದೆಂದರೆ ಹುಡುಗಾಟವಲ್ಲ. ವಯಸ್ಸು ಎಂಬತ್ತು ದಾಟಿದೆ, ನೆನಪೆಲ್ಲ ಸೋರಿಹೋಗಿದೆ, ಆದರೆ ಜೀವಮಾನವಿಡೀ ಸುತ್ತಿಗೆ ಹಿಡಿದು ಕಬ್ಬಿಣ ಬಡಿದ ಆ ತೋಳು ಮಾತ್ರ ಮುಪ್ಪಾಗುವುದನ್ನೇ ಮರೆತುಬಿಟ್ಟಿದೆ. ಅವನ ಒಂದೇ ಏಟಿಗೆ ನರ್ಸಿಂಗ್ ಹೋಮಿನ ಆಯಾ ಒಬ್ಬಳ ದವಡೆಹಲ್ಲು ಉದುರಿತ್ತು. ಇನ್ನೊಬ್ಬಳು ಕಿವಿ ಕಚ್ಚಿಸಿಕೊಂಡು, ಏಪ್ರನ್ ಬಿಚ್ಚಿ ಅವನ ಮುಖಕ್ಕೇ ಎಸೆದು ಮನೆಗೆ ಹೋದವಳು ತಿರುಗಿ ಈ ಕಡೆ ತಲೆ ಹಾಕಲಿಲ್ಲ. ಅವನಿಗೆ ಸರಿಸಮ ನಿಂತವಳೆಂದರೆ ಗಟ್ಟಿಗಿತ್ತಿ ಒಬ್ಬಳೇ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಹೋಮಿನಲ್ಲಿ ಅದು ಯಾರಿಗೆ ಬೇಕು? ಅಜ್ಜ ಒದ್ದರೆ ಅವಳೂ ಬಿಡುವವಳಲ್ಲ. ಎದೆಯ ಮೇಲೆ ಮೊಣಕಾಲೂರಿ, ಕೆನ್ನೆಗೆ ರಪ್ಪನೆ ಒಂದು ಬಿಗಿದು, ಬಟ್ಟೆಪಟ್ಟಿಯಿಂದ ಎರಡೂ ಕೈಗಳನ್ನು ಮಂಚದ ಸರಳಿಗೆ ಕಟ್ಟಿಹಾಕುವಳು. ಸಂಜೆ ಬಿಚ್ಚಿ, ಮಣಿಕಟ್ಟಿನ ಗಾಯಕ್ಕೆ ಮುಲಾಮು ಹಚ್ಚುತ್ತ, "ನಿನ್ನ ಕೈ ಸೇದಿಹೋಗ, ಮುದುಕಾ" ಎಂದು ಶಾಪ ಹಾಕುವವಳೂ ಅವಳೇ.

ಕಟ್ಟುತ್ತಿದ್ದದ್ದು ಮಧ್ಯಾಹ್ನದ ಮೇಲೆ ಮಾತ್ರ. ಗಂಡಸರ ವಾರ್ಡಿನ ಕಿಟಕಿ ಪಶ್ಚಿಮಕ್ಕಿತ್ತು. ಬಿಸಿಲು ವಾಲಿ ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಬಿತ್ತೋ, ಅಜ್ಜನ ಕಣ್ಣಿಗೆ ಅದು ಹಾಸಿಗೆಯಲ್ಲ, ಕಾದ ಕಬ್ಬಿಣ. "ಕಾದಿದೆ, ಕಾದಿದೆ! ಆರೋದ್ರೊಳಗೆ ಬಡೀರೋ!" ಎಂದು ಎದ್ದುಬಿಡುವನು. ಅದಕ್ಕೇ ಅಲ್ಲಿ ಮೂರು ಬಂದೋಬಸ್ತು ಇತ್ತು. ಊಟ ಮುಗಿದ ಕೂಡಲೇ ಪರದೆ ಎಳೆಯುವುದು, ಅವನ ಕೈ ಕಟ್ಟುವುದು, ಗಟ್ಟಿ ಸಾಮಾನು ಒಂದೂ ಸುತ್ತಮುತ್ತ ಇಡದಿರುವುದು. ಕುಡಿಯುವ ನೀರೂ ಪ್ಲಾಸ್ಟಿಕ್ ಲೋಟದಲ್ಲೇ. ಅವನ ಕೂಗಾಟ ದಿನದ ಪಾಡಾಗಿ, ಅದಕ್ಕೆ ಕತ್ತು ತಿರುಗಿಸಿ ನೋಡುವವರೂ ಇರಲಿಲ್ಲ.

ಕಿಟಕಿಯ ಪಕ್ಕದ ಆ ಹಾಸಿಗೆಯಲ್ಲಿ ಮಲಗಿದ್ದವನು ಗಟ್ಟಿಗಿತ್ತಿಯ ಅಪ್ಪ.

ಲಕ್ವ ಹೊಡೆದು ಅಪ್ಪನ ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಮಾತೂ ನಿಂತಿತ್ತು. ಉಳಿದದ್ದು ಎಡಗೈ ಒಂದು, ಆ ಕೈಯಲ್ಲಿ ಬೆಲ್ಲಿನ ಗುಂಡಿ. ಮಗಳು ಬೇಕಾದಾಗ ಚಿಕ್ಕದಾಗಿ ಎರಡು ಸಲ ಒತ್ತುವನು, ಟ್ರಿಣ್, ಟ್ರಿಣ್. ಅವಳು ಕೆಲಸ ಬಿಟ್ಟು ಓಡಿಬಂದು, "ಏನಪ್ಪಾ?" ಎಂದರೆ ಏನೂ ಇಲ್ಲ! ಸುಮ್ಮನೆ ಅರ್ಧ ಬಾಯಲ್ಲಿ ನಗುವನು. "ನಿನ್ ತಮಾಷೆಗಿಷ್ಟು ಬೆಂಕಿ ಹಾಕ" ಎಂದು ಗದರಿ, ಜೊಲ್ಲು ಒರೆಸಿ ಹೋಗುವಳು. ಆಯಾಳ ಅಪ್ಪ ಅಂತ ಮೇಟ್ರನ್ ದಯೆ ತೋರಿ ಕೊಟ್ಟ ಹಾಸಿಗೆ ಅದು. ಬೇರೆ ಹಾಸಿಗೆ ಕೇಳುವ ಹಾಗಿರಲಿಲ್ಲ. ಈ ಹೋಮ್ ಮುಚ್ಚಿದರೆ ಆ ಅರ್ಧ ಜೀವವನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ ಎಂಬುದೇ ಅವಳಿಗೆ ಹಗಲೂ ರಾತ್ರಿ ಚಿಂತೆ.

ಮುಚ್ಚುವ ಮಾತು ಬಂದದ್ದು ಗಂಟೆಯಮ್ಮನಿಂದ. ಹೋಮುಗಳ ತಪಾಸಣೆಗೆ ಬರುತ್ತಿದ್ದ ಆ ಅಧಿಕಾರಿಗೆ ಆಯಾಗಳೇ ಇಟ್ಟ ಅಡ್ಡಹೆಸರು ಅದು. ಕಾಗದಪತ್ರ ನೋಡುವ ಹೆಂಗಸಲ್ಲ ಅವರು. ರೋಗಿಯೊಬ್ಬರನ್ನು ಕೈಯಲ್ಲಿ ಹಿಡಿದಿರುವ ಆಯಾಳ ಎದುರು ಬಂದು ನಿಲ್ಲುವರು. ಅಷ್ಟರಲ್ಲಿ ಅವರ ಸಹಾಯಕ ಬೇರೆ ಕೋಣೆಗೆ ಹೋಗಿ ಯಾವುದೋ ಬೆಲ್ಲನ್ನು ಉದ್ದಕ್ಕೆ ಒತ್ತಿ ಹಿಡಿಯುವನು. ಆಯಾ ಕೈಯಲ್ಲಿದ್ದ ರೋಗಿಯನ್ನು ಬಿಟ್ಟು ಓಡಿದಳೋ, ಮುಗಿಯಿತು. ಹಿಂದೊಮ್ಮೆ ಎಲ್ಲೋ ಒಬ್ಬಳು ಹಾಗೆ ಓಡಿ, ಸ್ನಾನದ ಸ್ಟೂಲಿನಲ್ಲಿದ್ದ ಅಜ್ಜಿ ಜಾರಿ ತಲೆ ಒಡೆದುಕೊಂಡಿದ್ದಳಂತೆ, ಅಂದಿನಿಂದ ಈ ಪರೀಕ್ಷೆ. ಇನ್ನು ಕೈ ಕಟ್ಟಿದ ಪಟ್ಟಿ ಕಣ್ಣಿಗೆ ಬಿದ್ದರಂತೂ ಅವತ್ತೇ ಬಾಗಿಲಿಗೆ ಬೀಗ. ಗಟ್ಟಿಗಿತ್ತಿಯ ತಂಗಿ ಕೆಲಸಕ್ಕಿದ್ದ ಹೋಮ್ ಮುಚ್ಚಿದ್ದು ಹಾಗೆಯೇ. ಅವಳು ಹೇಳಿದ್ದನ್ನೆಲ್ಲ ಗಟ್ಟಿಗಿತ್ತಿಯೇ ಮೇಟ್ರನ್ ಕಿವಿಗೆ ಹಾಕಿದ್ದಳು.

ಮೇಟ್ರನ್ ಬಿಡುತ್ತಾಳೆಯೇ? ಆಯಾಗಳನ್ನೆಲ್ಲ ನಿಲ್ಲಿಸಿ ಗಿಳಿಗೆ ಕಲಿಸಿದ ಹಾಗೆ ಕಲಿಸಿದಳು. "ಎಲ್ಲರ ಕೈಯಲ್ಲೂ ಒಂದೊಂದು ರೋಗಿ ಇರ್ಬೇಕು. ಉದ್ದ ಬೆಲ್ ಆದ್ರೆ ಯಾರೂ ಅಲ್ಲಾಡ್ಬಾರ್ದು. ಬ್ರಹ್ಮನೇ ಬಂದು ಒತ್ತಿದ್ರೂ ಅಲ್ಲಾಡ್ಬಾರ್ದು, ತಿಳೀತಾ?"

ತಪಾಸಣೆಯ ದಿನ ಬೆಳಿಗ್ಗೆ ಕಟ್ಟುಪಟ್ಟಿಗಳೆಲ್ಲ ಬೆಡ್‌ಶೀಟಿನ ಬೀರುವಿನ ತಳ ಸೇರಿದವು. ಗಾಳಿ ಬೆಳಕು ಚೆನ್ನಾಗಿ ಕಾಣಲಿ ಅಂತ ಪರದೆ ಕಳಚಿ ಒಗೆಯಲು ಹಾಕಿದರು. ಒಂದೊಂದು ಹಾಸಿಗೆಯ ಪಕ್ಕಕ್ಕೂ ಫಳಫಳ ಹೊಳೆಯುವ ಹೊಸ ಸ್ಟೀಲ್ ಜಗ್ಗು ಬಂತು. ಬೆಳಿಗ್ಗೆ ಬರಬೇಕಾದ ಗಂಟೆಯಮ್ಮ ಊಟದ ಹೊತ್ತಾದರೂ ಪತ್ತೆಯಿಲ್ಲ. ಗಟ್ಟಿಗಿತ್ತಿ ಮೇಟ್ರನ್ ಬಳಿಗೆ ಓಡಿದಳು.

"ಮೇಡಂ, ಬಿಸಿಲು ವಾಲ್ತಾ ಇದೆ. ಅಜ್ಜನ ಕೈ ಕಟ್ಬಿಡ್ತೀನಿ. ಅವ್ರು ಬಂದ್ ತಕ್ಷಣ ಬಿಚ್ಚಿದ್ರಾಯ್ತು."

"ಹುಚ್ಚು ಹಿಡ್ದಿದ್ಯಾ? ಅವ್ರ ಕಾರು ಗೇಟಲ್ಲಿದೆ! ಹೋಗು, ಹೆಂಗಸ್ರ ವಾರ್ಡಿನ ಒಂದು ಅಜ್ಜಿಗೆ ಸ್ನಾನ ಮಾಡಿಸ್ತಾ ಇರು. ಅವ್ರು ಮೊದ್ಲು ನೋಡೋದೇ ಬಚ್ಚಲು."

"ನಮ್ಮಪ್ಪ ಅಜ್ಜನ ಎದುರಿಗೇ ಇದ್ದಾನೆ ಮೇಡಂ..."

"ನಾನೇ ಆ ವಾರ್ಡಲ್ಲಿ ಕೂತಿರ್ತೀನಿ ಮಾರಾಯ್ತಿ! ನಿಮ್ಮಪ್ಪನ ಕೂದ್ಲೂ ಕೊಂಕಲ್ಲ. ಹೋಮ್ ಉಳೀಬೇಕಾ, ಬೇಡ್ವಾ?"

ಉಳಿಯಬೇಕಿತ್ತು. ಗಟ್ಟಿಗಿತ್ತಿ ಒಮ್ಮೆ ವಾರ್ಡಿನೊಳಗೆ ಇಣುಕಿದಳು. ಅಜ್ಜ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಅಪ್ಪ ಅವಳನ್ನು ಕಂಡು ಎಡಗೈ ಎತ್ತಿದ. ಬಿಸಿಲು ಇನ್ನೂ ನೆಲದ ಮೇಲಿತ್ತು. ಅವಳು ಬಚ್ಚಲಿಗೆ ಹೋದಳು.

ಬೆಳಿಗ್ಗೆಯಷ್ಟೇ ಸ್ನಾನವಾಗಿದ್ದ ಅಜ್ಜಿ, "ಎಷ್ಟು ಸಲ ತೊಳೀತೀಯೇ, ನಾನೇನು ಪಾತ್ರೆಯಾ?" ಎಂದು ಬಾಯಿಗೆ ಬಂದಂತೆ ಬಯ್ಯುತ್ತಿದ್ದಳು. ನಲ್ಲಿ ಭೋರೆಂದು ಬಕೆಟ್ಟಿಗೆ ಸುರಿಯುತ್ತಿತ್ತು. ಮೈತುಂಬ ಸೋಪು, ಹಿಡಿದರೆ ಜಾರುವ ಮೈ. ಅಷ್ಟರಲ್ಲಿ ಬಾಗಿಲಲ್ಲಿ ಗಂಟೆಯಮ್ಮ ಬಂದು ನಿಂತರು. ಒಬ್ಬರೇ. ಮೇಟ್ರನ್ ಜೊತೆಗಿಲ್ಲದ್ದನ್ನು ಕಂಡು ಗಟ್ಟಿಗಿತ್ತಿಗೆ ಹೋದ ಜೀವ ಬಂದಂತಾಯಿತು. ಅಂದರೆ ಹೇಳಿದ ಹಾಗೇ ವಾರ್ಡಿನಲ್ಲಿ ಕೂತಿದ್ದಾಳೆ, ಪುಣ್ಯಾತ್ಗಿತ್ತಿ.

ಬೆಲ್ಲು ಹೊಡೆದುಕೊಂಡಿತು. ಉದ್ದಕ್ಕೆ.

ಗಟ್ಟಿಗಿತ್ತಿ ಅಜ್ಜಿಯ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಎಲ್ಲ ಹಾಸಿಗೆಯ ಬೆಲ್ಲಿಗೂ ಒಂದೇ ಸದ್ದು. ಯಾವುದೆಂದು ತೋರಿಸುವ ದೀಪದ ಹಲಗೆ ಆಚೆ ಹಜಾರದಲ್ಲಿ. ಆದರೆ ಇದಕ್ಕೆ ದೀಪ ಯಾಕೆ ಬೇಕು? ಅಪ್ಪನದಾದರೆ ಚಿಕ್ಕದಾಗಿ ಎರಡು ಸಲ. ಇದು ಆ ಸಹಾಯಕನ ಕೆಲಸ. ದೂರದಲ್ಲಿ ಅಜ್ಜ "ಬಡೀರೋ! ಬಡೀರೋ!" ಎಂದು ಕಿರುಚುತ್ತಿದ್ದ. ಕಿರುಚಲಿ, ಯಾವತ್ತಿನ ಪಾಡು, ಮೇಟ್ರನ್ ಇದ್ದಾಳಲ್ಲ. ಬೆಲ್ಲು ನಿಲ್ಲಲಿಲ್ಲ. ಒತ್ತಿದವನ ಬೆರಳು ಮುರಿಯಬಾರದೇ ಎಂದುಕೊಂಡು, ಅವಳು ಹಲ್ಲು ಕಚ್ಚಿ ಅಜ್ಜಿಯ ಬೆನ್ನು ಉಜ್ಜಿದಳು. ಗಂಟೆಯಮ್ಮ ರೆಪ್ಪೆ ಮಿಟುಕಿಸದೆ ಅವಳ ಕೈಯನ್ನೇ ನೋಡುತ್ತಿದ್ದರು.

ಬೆಲ್ಲು ಥಟ್ಟನೆ ನಿಂತಿತು. ಸದ್ಯ ಗೆದ್ದೆ ಅನ್ನಿಸಿತು ಗಟ್ಟಿಗಿತ್ತಿಗೆ.

"ಯಾಕೆ ಹೋಗ್ಲಿಲ್ಲ?" ಗಂಟೆಯಮ್ಮ ಕೇಳಿದರು.

"ಕೈಯಲ್ಲಿ ರೋಗಿ ಇರುವಾಗ ಬಿಟ್ಟು ಹೋಗ್ಬಾರ್ದು, ಮೇಡಂ."

"ಅದು ಸರಿ. ಬೇರೆ ಯಾರೂ ಹೋದ ಹಾಗೆ ಕಾಣ್ಲಿಲ್ವಲ್ಲ?" ಅವರು ಹುಬ್ಬು ಗಂಟಿಕ್ಕಿ ಹಿಂದೆ ತಿರುಗಿದರು. ಅವರ ಬೆನ್ನ ಹಿಂದೆಯೇ ಸಹಾಯಕ ನಿಂತಿದ್ದ. ಬಾಯಲ್ಲಿ ಬಿಸ್ಕತ್ತು.

"ಕ್ಷಮಿಸಿ ಮೇಡಂ, ಮೇಟ್ರನ್ ಆಚೆ ಗೇಟಿನ ಹತ್ರದ ಆಫೀಸಲ್ಲಿ ಕೂರಿಸ್ಕೊಂಡು ಬಲವಂತವಾಗಿ ಟೀ ಕೊಟ್ರು," ಎಂದ ಅವನು. "ಈಗ ಹೋಗಿ ಬೆಲ್ ಒತ್ಲಾ?"

ಅಜ್ಜಿಯನ್ನು ಗಂಟೆಯಮ್ಮನ ಮೈಮೇಲೇ ನೂಕಿ ಗಟ್ಟಿಗಿತ್ತಿ ಓಡಿದಳು. ಹಜಾರದಲ್ಲಿ ಕಾಲು ಜಾರಿ ಮುಖ ಅಡಿಯಾಗಿ ಬಿದ್ದಳು, ಎದ್ದಳು, ಮೂಗಿನಿಂದ ರಕ್ತ ಸುರಿಸುತ್ತಲೇ ಓಡಿದಳು.

ವಾರ್ಡಿನ ತುಂಬ ಬಿಸಿಲು. ಕುಲುಮೆಯಜ್ಜ ಅಪ್ಪನ ಎದೆಯ ಮೇಲೆ ಮಂಡಿಯೂರಿ ಕೂತು ಹೊಸ ಸ್ಟೀಲ್ ಜಗ್ಗಿನಿಂದ ಬಡಿಯುತ್ತಿದ್ದ. ಸಿಟ್ಟಿಲ್ಲ, ಆತುರವಿಲ್ಲ, ಲಯ ತಪ್ಪದೆ, ಒಂದೊಂದು ಏಟಿಗೂ ಹಾ ಎಂದು ಉಸಿರು ಬಿಟ್ಟುಕೊಂಡು. ಜಗ್ಗಿನ ತಳ ಒಳಕ್ಕೆ ಕುಳಿಬಿದ್ದಿತ್ತು. ಅಪ್ಪನ ಮುಖ ಅಂತ ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ದಿಂಬು, ಗೋಡೆ, ಕಿಟಕಿಯ ಗಾಜು ಎಲ್ಲ ಕೆಂಪು. ಎಡಗೈ ಮಾತ್ರ ಬೆಲ್ಲಿನ ಗುಂಡಿ ಹಿಡಿದುಕೊಂಡೇ ಇತ್ತು. ಅದರ ತಂತಿ ಗೋಡೆಯಿಂದ ಕಿತ್ತುಬಂದಿತ್ತು. ಬೆಲ್ಲು ನಿಂತದ್ದು ಅದಕ್ಕೆ.

ಅಜ್ಜ ತಲೆಯೆತ್ತಿ ಅವಳನ್ನು ನೋಡಿದ. ಬೆವರಿದ ಮುಖದಲ್ಲಿ ಎಂಥ ಸಮಾಧಾನ! "ಬಂದ್ಯಾ ಮಗಳೇ? ನೀರು ತಾ. ಹದಕ್ಕೆ ಬಂದಿದೆ, ಅದ್ದಬೇಕು."

ಅವಳ ಗಂಟಲಿಂದ ಹೊರಟದ್ದು ಮನುಷ್ಯರ ದನಿಯಾಗಿರಲಿಲ್ಲ. ಕೂದಲು ಹಿಡಿದು ಅವನನ್ನು ನೆಲಕ್ಕೆ ಎಳೆದು ಕೆಡವಿದಳು. ಒದ್ದಳು. ಕುತ್ತಿಗೆ ಹಿಸುಕಿದಳು. ಅವನು ಅವಳ ತೋಳನ್ನು ಕಚ್ಚಿ ಹಿಡಿದರೆ, ಅವಳು ಅವನ ಕೆನ್ನೆಗೆ ಬಾಯಿ ಹಾಕಿ ಮಾಂಸ ಕಿತ್ತು ಉಗಿದಳು. ಓಡಿಬಂದ ಗಂಟೆಯಮ್ಮ "ಬಿಡು! ಬಿಡು!" ಎಂದು ಹಿಂದಿನಿಂದ ತಬ್ಬಿಕೊಂಡರೆ, ಮೊಣಕೈಯಿಂದ ತಿವಿದ ಏಟಿಗೆ ಅವರು ತುಟಿ ಸೀಳಿಕೊಂಡು ಗೋಡೆಗೆ ಹೋಗಿ ಬಿದ್ದರು. ಸಹಾಯಕ ಬಾಗಿಲಲ್ಲೇ ಬಿಸ್ಕತ್ತನ್ನೆಲ್ಲ ವಾಂತಿ ಮಾಡಿಕೊಂಡ. ಗಟ್ಟಿಗಿತ್ತಿ ಜಗ್ಗನ್ನು ಎತ್ತಿಕೊಂಡಳು. ಅಜ್ಜನ ಬಲಗೈಯನ್ನು ಮಂಚದ ಸರಳಿನ ಮೇಲಿಟ್ಟು ಒಂದು ಏಟು ಹಾಕಿದಳು, ಇನ್ನೊಂದು ಹಾಕಿದಳು. ಮೂಳೆ ಲಟಲಟನೆ ಮುರಿಯಿತು.

"ಅಮ್ಮಾ!" ಎಂದು ಅಜ್ಜ ಎಳೆಮಗುವಿನ ಹಾಗೆ ಅತ್ತುಬಿಟ್ಟ. "ಯಾಕಮ್ಮಾ ಹೊಡೀತೀಯ? ನಾನೇನ್ ಮಾಡ್ದೆ?"

ತಲೆಗೆ ಹಾಕಬೇಕೆಂದು ಎತ್ತಿದ ಜಗ್ಗು ಅಲ್ಲೇ ನಿಂತಿತು. ಮುರಿದ ಆ ಕೈಯ ಮಣಿಕಟ್ಟಿನ ಮೇಲೆ ಅವಳೇ ಬೆಳಿಗ್ಗೆ ಮತ್ತೆ ಹಚ್ಚಿದ ಮುಲಾಮು ಬೆಳ್ಳಗೆ ಕಾಣುತ್ತಿತ್ತು. ಬಿಚ್ಚಿದ್ದೂ ಅವಳೇ. ಬೆಳಿಗ್ಗೆ ಮಂಚದ ಸರಳಿನಿಂದ ಪಟ್ಟಿ ಬಿಚ್ಚಿ, ಮಡಿಸಿ, ಬೀರುವಿನ ತಳಕ್ಕೆ ಇಟ್ಟದ್ದು ಇದೇ ಕೈ. ಜಗ್ಗು ಕೈಜಾರಿ ಬಿತ್ತು.

ಗಂಟೆಯಮ್ಮ ಗೋಡೆ ಹಿಡಿದು ಎದ್ದು ನಿಂತರು. ಬಾಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. "ಈ ಮನುಷ್ಯನ ಕೈ..." ಎಂದರು. "ಇವನ ಕೈ ಯಾಕೆ ಕಟ್ಟಿರ್ಲಿಲ್ಲ?"

ಒಂದು ಪಟ್ಟಿ ಕಂಡದ್ದಕ್ಕೆ ಹೋಮಿಗೆ ಬೀಗ ಜಡಿಸಿದ ಬಾಯಿ ಅದು. ಗಟ್ಟಿಗಿತ್ತಿ ಅವರ ಮುಖ ನೋಡಿದಳು. ಹಾಸಿಗೆಯ ಮೇಲೆ ಅಪ್ಪನ ಪಕ್ಕ ಕೂತು ಅವನ ಎಡಗೈಯಿಂದ ಗುಂಡಿ ಬಿಡಿಸಲು ನೋಡಿದಳು. ಹೆಬ್ಬೆರಳು ಅದನ್ನು ಇನ್ನೂ ಒತ್ತಿಕೊಂಡೇ ಇತ್ತು. "ನಾನು ಬೇಕಾದ್ರೆ ಎರಡು ಸಲ ಒತ್ಬೇಕಪ್ಪಾ," ಎಂದಳು. "ಎರಡೇ ಎರಡು ಸಲ ಒತ್ತಿದ್ರೆ ಬರ್ತಿದ್ನಲ್ಲೋ ನನ್ನಪ್ಪಾ. ಏನ್ ಗತಿ ಮಾಡ್ಕೊಂಡ್ಯೋ."

"ಯಾರಾದ್ರೂ ಬನ್ನಿ!" ಗಂಟೆಯಮ್ಮ ಕೂಗಿದರು. ಆ ವಾರ್ಡಿನ ಕೂಗಿಗೆ ಯಾರು ಬರುತ್ತಾರೆ? ಅವರು ತಡವರಿಸಿಕೊಂಡು ಹೋಗಿ ಅಜ್ಜನ ಹಾಸಿಗೆಯ ಬೆಲ್ಲನ್ನು ಹಿಡಿದು ಒತ್ತಿದರು. ಉದ್ದಕ್ಕೆ ಒತ್ತಿದರು. ಹಜಾರದಲ್ಲಿ ಒಂದು ಹೆಜ್ಜೆಯ ಸಪ್ಪಳವೂ ಕೇಳಲಿಲ್ಲ. ಅಷ್ಟು ಕೋಣೆಗಳಲ್ಲಿ ಅಷ್ಟು ಆಯಾಗಳು, ಒಬ್ಬೊಬ್ಬಳೂ ಒಂದೊಂದು ರೋಗಿಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದರು.

ಪಕ್ಕದ ಹೆಂಗಸರ ವಾರ್ಡಿನಿಂದ ಯಾರೋ ಪಿಸುಗುಟ್ಟಿದ್ದು ಗೋಡೆ ದಾಟಿ ಕೇಳಿಸಿತು.

"ಏಯ್, ಏಳ್ಬೇಡ್ವೇ, ಸುಮ್ನೆ ಕೂತ್ಕೋ! ಉದ್ದ ಬೆಲ್ಲು, ಗಂಟೆಯಮ್ಮಂದೇ."

ಗಂಟೆಯಮ್ಮ ಒತ್ತುತ್ತಲೇ ಇದ್ದರು.