ಬಿಸಿ ಬೆಲ್ಲ ಬೇಡವೆಂದವಳು

ಎಲ್ಲಿಂದ ಶುರು ಮಾಡಲಿ? ಆಲೆಮನೆಯಿಂದ ಎಂದರೆ ನಿಮ್ಮ ಬಾಯಲ್ಲಿ ನೀರೂರುತ್ತದೆ. ಮಂಡ್ಯದ ಕತೆ, ಕಬ್ಬು, ಬೆಲ್ಲದ ಘಮ ಎಂದು ಒರಗಿ ಕೂರುತ್ತೀರಿ. ಆ ಸುಖ ನಿಮಗೆ ಸಿಗಬಾರದು. ಆಸ್ಪತ್ರೆಯಿಂದ ಎಂದರೆ 'ಅಯ್ಯೋ ಪಾಪ' ಎಂದು ಪುಟ ತಿರುಗಿಸುತ್ತೀರಿ. (ನಿಮ್ಮ ಮೇಲೆ ನನಗೆ ಈಗಲೇ ಸಿಟ್ಟು ಬಂದಿದೆ. ಕ್ಷಮಿಸಿ. ಇಲ್ಲ, ಕ್ಷಮಿಸಬೇಡಿ.)

೧

ದೀಪಿಕ. ಇಪ್ಪತ್ತೇಳು ವರ್ಷ, ಬಸರಾಳು ಕಡೆಯ ಒಂದು ಮನೆಯ ಸೊಸೆ, ಆರು ವರ್ಷದ ಮಗಳಿದ್ದಾಳೆ. ಕಳೆದ ತಿಂಗಳು ಅತ್ತೆ ಮಲ್ಲಿಗಮ್ಮನ ಜೊತೆ ದುದ್ದದ ಕಡೆ ಹೊರಟಿದ್ದಾಗ ದಾರಿಯಲ್ಲಿ ನೆಂಟರ ಆಲೆಮನೆ. ನಮ್ಮಲ್ಲಿ ಆಲೆಮನೆ ದಾಟುವವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಎಲೆಚೂರಿನ ಮೇಲೆ ಬಿಸಿ ಬೆಲ್ಲ ಇಟ್ಟು ಕೊಡುತ್ತಾರೆ. ಬೇಡವೆಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

"ತಕಳವ್ವ, ಸುಡ್ತದೆ, ಊದ್ಕಂಡು ತಿನ್ನು," ಎಂದ ಆಲೆಮನೆಯ ಕರಿಯಪ್ಪ.

ದೀಪಿಕ ಎಲೆಯನ್ನು ಎಸೆದಳು. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ಕಬ್ಬಿನ ಸಿಪ್ಪೆಯ ಮೇಲೆ ಕುಸಿದಳು. ಕೂತಲ್ಲೇ ಸೀರೆ ಒದ್ದೆಯಾಯಿತು.

"ಗಾಳಿ ಸೋಕೈತೆ ಕಣಮ್ಮ ನಿನ್ ಸೊಸೆಗೆ," ಎಂದ ಕರಿಯಪ್ಪ.

೨ (ಹರಿದು ಹಾಕಿದ್ದು)

ಮೊದಲ ಕರಡಿನಲ್ಲಿ ಮಲ್ಲಿಗಮ್ಮ ರಾಕ್ಷಸಿ. ನಮ್ಮ ಭಾನುವಾರದ ಓದು ಬಳಗದಲ್ಲಿ ಓದಿದೆ. "ಸೂಪರ್ ಕಣಕ್ಕ, ಪಿತೃಪ್ರಧಾನ ವ್ಯವಸ್ಥೆ ಅಂತ ಒಂದ್ ಲೈನ್ ಸೇರಿಸ್ಬುಡು," ಎಂದ ಬಳಗದ ಪ್ರಸನ್ನ. ಸೇರಿಸಿದೆ. ಕತೆ ಅಲ್ಲೇ ಸತ್ತಿತು.

ಯಾಕೆಂದರೆ ಮಲ್ಲಿಗಮ್ಮ ಸೊಸೆಗೆ ತಾಯತ ಕಟ್ಟಿಸಲು ಮಳವಳ್ಳಿಯವರೆಗೆ ಹೋದಳು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಎಳನೀರು ಕುಡಿಸಿದಳು. ಉಳಿದ ದಾರಿಯುದ್ದಕ್ಕೂ ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಸವರಿದಳು. ರಾಕ್ಷಸಿಯರು ಇದನ್ನೆಲ್ಲ ಮಾಡುವುದಿಲ್ಲ. ಎರಡು ವರ್ಷದ ಹಿಂದೆ ದೀಪಿಕಳ ಕೈ ಹಿಡಿದು ಆ ಶೆಡ್ಡಿಗೆ ಕರೆದೊಯ್ದವಳೂ ಇವಳೇ.

೩

ಶೆಡ್ಡು. ಹೇಳಲೇಬೇಕು.

ಯಾರದೋ ಆಲೆಮನೆಯ ಹಿಂದಿನ ಕೋಣೆ. ಗಾಣದ ಮೋಟಾರಿನ ಸದ್ದು, ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ವಾಸನೆ. ಒಂದು ಮಂಚ, ಚೀಲದಲ್ಲಿ ಹೊತ್ತು ತಂದ ಸ್ಕ್ಯಾನಿಂಗ್ ಮಿಷನ್ನು, ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು. ಹೆಣ್ಣು ಎಂದರು. ಮಾರನೆಯ ದಿನ ಬೇರೊಂದು ಮನೆ, ಮಾತ್ರೆ, ರಕ್ತ. ಐದು ತಿಂಗಳಾಗಿತ್ತು. ಅದಾದ ಮೂರನೇ ದಿನ ದೀಪಿಕ ಎದ್ದು ಬಾಗಿಲು ಸಾರಿಸಿದಳು.

"ಅಕ್ಕ, ಜೆಲ್ಲು ಬರೀಬ್ಯಾಡಿ."

(ದೀಪಿಕ. ಬರೆಯುವಾಗಲೆಲ್ಲ ಹೀಗೆ ನಡುವೆ ಬಾಯಿ ಹಾಕುತ್ತಾಳೆ.)

"ಜನಕ್ಕೆ ಗೊತ್ತಾಗಬೇಕಲ್ಲವ್ವ?"

"ಜನಕ್ಕೆ ಗೊತ್ತು. ಊರಿಗೆಲ್ಲ ಗೊತ್ತಿತ್ತು. ನೀವು ಅದ ಬರ್ದಾಗೆಲ್ಲ ನನ್ ಹೊಟ್ಟೆ ಮ್ಯಾಲೆ ಮತ್ತೆ ತಣ್ಣಗೆ ತಾಕ್ತದೆ."

ಅಳಿಸಿದೆ. (ಅಳಿಸಲಿಲ್ಲ. ನೋಡಿ, ಮೇಲೆ ಹಾಗೇ ಇದೆ. ನನ್ನ ಸಿಟ್ಟಿಗೆ ಅದು ಬೇಕಾಗಿತ್ತು.)

೪

ತಾಯತ ಕೆಲಸ ಮಾಡಲಿಲ್ಲ. ಮಂಡ್ಯದ ಆಸ್ಪತ್ರೆ, ಮನೋವೈದ್ಯೆ ಅರ್ಪಿತ.

"ಇದು ಗಾಳಿ ಅಲ್ಲ ಅಮ್ಮ, ಹುಚ್ಚೂ ಅಲ್ಲ. ಆಘಾತ. ಪಿಟಿಎಸ್‌ಡಿ ಅಂತೀವಿ."

"ಮಿಲ್ಟ್ರಿಯೋರಿಗೆ ಬತ್ತದಲ್ಲ, ಅದಾ?" ಎಂದಳು ಮಲ್ಲಿಗಮ್ಮ. "ಟೀವೀಲಿ ತೋರ್ಸಿದ್ರು. ಇವ್ಳು ಯಾವ್ ಯುದ್ಧಕ್ಕೋಗಿದ್ಲು? ಮನೇಲೇ ಇದ್ಲಲ್ಲ!"

"ಮನೇಲಿದ್ದೋರಿಗೂ ಬರುತ್ತೆ. ಒಂದು ವಾಸನೆ ಬಂದ್ರೆ ಸಾಕು, ಮೈಗೆ ಅದು ಈಗಲೇ ಮತ್ತೆ ನಡೀತಿದೆ ಅನ್ಸುತ್ತೆ. ಮುಗಿದುಹೋಗಿದೆ ಅಂತ ಮೈಗೆ ನಿಧಾನವಾಗಿ ಕಲಿಸ್ಬೇಕು. ಅದಕ್ಕೆ ಅವರು ಹೇಳ್ಬೇಕು, ತಮಗೆ ಆದಷ್ಟು. ಏನಾಯ್ತು ದೀಪಿಕ?"

"ಏನೂ ಆಗಿಲ್ಲ ಕಣವ್ವ," ಎಂದಳು ಮಲ್ಲಿಗಮ್ಮ.

ಹೇಳಿದರೆ ಎಲ್ಲಿ ಕೇಸಾಗುತ್ತದೋ, ಗಂಡ ಶಶಿಧರ್, ಅತ್ತೆ, ಇಬ್ಬರೂ ಎಲ್ಲಿ ಒಳಗೆ ಹೋಗುತ್ತಾರೋ. ಹೇಳದಿದ್ದರೆ ದೀಪಿಕಳ ಮೈ ದಿನಾ ಆ ಶೆಡ್ಡಿಗೆ ಹೋಗಿ ಬರುತ್ತದೆ. ಅತ್ತ ಶಶಿಧರ್, "ಗಂಡ್ ಮಗೀಗೆ ಇನ್ನೊಂದ್ ಸಲ ನೋಡನ," ಎನ್ನತೊಡಗಿದ್ದಾನೆ.

೫

ಮುಕ್ತಾಯ ಒಂದು: ದೀಪಿಕ ಡೀಸಿ ಆಫೀಸಿನ ಮುಂದೆ ನಿಂತು ಘೋಷಣೆ ಕೂಗುತ್ತಾಳೆ. (ಬರೆದುಕೊಟ್ಟವಳು ನಾನೇ. ಪ್ರಾಸ ಚೆನ್ನಾಗಿತ್ತು.)

"ನಾನು ಅಂಗೆಲ್ಲ ಕೂಗೋಳಲ್ಲ."

ಮುಕ್ತಾಯ ಎರಡು: ದೀಪಿಕ ನಾಲೆಗೆ ಹಾರುತ್ತಾಳೆ. ನಿಮಗೆ ಇದೇ ಬೇಕಿತ್ತು, ಅಲ್ಲವೇ? ಅತ್ತು ಮರೆಯಲು ಸುಲಭ.

"ನನ್ ಮಗಳ್ಗೆ ಜಡೆ ಯಾರಾಕ್ತಾರೆ? ನೀವು ಬತ್ತೀರಾ?"

ಮುಕ್ತಾಯ ಮೂರು. (ಇದು ನಾನು ಬರೆದದ್ದಲ್ಲ.) ಆಸ್ಪತ್ರೆಯ ಅದೇ ಕೋಣೆ, ಮೂಲೆಯಲ್ಲಿ ಪುಸ್ತಕ ಹಿಡಿದ ನಾನೂ. ದೀಪಿಕ ನೆಲ ನೋಡುತ್ತಲೇ ಹೇಳಿದಳು:

"ಅತ್ತೆ, ನೀವು ಆಚೆಗಿರಿ."

"ನಾನಿಲ್ದೆ ನೀನೇನ್ ಯೋಳ್ತಿಯಾ?"

"ಅದ್ಕೇ."

ಮಲ್ಲಿಗಮ್ಮ ಎದ್ದಳು. ದೀಪಿಕ ನನ್ನತ್ತ ತಿರುಗಿದಳು. "ಅಕ್ಕ, ನೀವೂವೆ."

"ನಾನು ನಿನ್ ಪರ ಕಣವ್ವ."

"ಅತ್ತೆನೂ ಅಂಗೇ ಅಂದಿದ್ರು. ಶೆಡ್ಡಿಗೆ ಕರ್ಕೊಂಡೋಗುವಾಗ."

ಬಾಗಿಲು ಮುಚ್ಚಿಕೊಂಡಿತು.

೬

ಹೊರಗೆ ಬೆಂಚಿನ ಮೇಲೆ ನಾನು ಮತ್ತು ಮಲ್ಲಿಗಮ್ಮ. ಒಳಗಿನಿಂದ ಏನೂ ಕೇಳಿಸುತ್ತಿಲ್ಲ.

"ಏನ್ ಯೋಳ್ತಾವ್ಳೆ?"

"ಗೊತ್ತಿಲ್ಲ."

"ಬರಿಯೋಳು ನೀನಲ್ವಾ?"

ಪೆನ್ನಿನ ಮುಚ್ಚಳ ಹಾಕಿದೆ. ಮಲ್ಲಿಗಮ್ಮ ನನ್ನ ಮೊಣಕೈ ಹಿಡಿದುಕೊಂಡಳು. "ಆ ಬಾಗ್ಲು ತಗುದ್ರೆ ನನ್ನ ಇಡ್ಕಂಡೋಯ್ತಾರಾ?"

ಹೂಂ ಎನ್ನಬೇಕಿತ್ತು. ಇಷ್ಟು ಪುಟ ಅದಕ್ಕೇ ಸಿಟ್ಟಿನಲ್ಲಿ ಬರೆದದ್ದು. ಬಾಯಿ ಬರಲಿಲ್ಲ. ಇಲ್ಲ ಎನ್ನಲೂ ಬರಲಿಲ್ಲ.

ಬಾಗಿಲು ಇನ್ನೂ ಮುಚ್ಚಿದೆ. ಓದುಗರೇ, ಸರಿದುಕೊಳ್ಳುತ್ತೇವೆ, ಈ ಬೆಂಚಿನಲ್ಲಿ ನಿಮಗೂ ಜಾಗವಿದೆ. ಕೂತುಕೊಳ್ಳಿ. ಒಳಗೆ ಇಣುಕಬೇಡಿ.